ಅತ್ತೆಯ ಬೆನ್ನು, ಮಗನ ಹೊಟ್ಟೆ, ಮನೆಗೊಂದು ಕಾರು

ಹಾಸನ
9 ನವೆಂಬರ್ 2025, ಭಾನುವಾರ

ಇವತ್ತು ಮನೆಯಲ್ಲಿ ಕಾರಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಹಳೇ ಹ್ಯಾಚ್‌ಬ್ಯಾಕ್ ಕೊಟ್ಟು, ಆರೂ ಜನ ಒಟ್ಟಿಗೆ ಕೂತು ಹೋಗುವಂಥದ್ದು ತಗೊಳ್ಳೋಣ ಅಂತ ದಸರಾ ಹೊತ್ತಿಗೇ ತೀರ್ಮಾನ ಆಗಿತ್ತು. ಯಾವುದು ಅನ್ನೋದೇ ಇತ್ಯರ್ಥ ಆಗಿರಲಿಲ್ಲ. ನನಗೆ ಬೇಕಾಗಿದ್ದು ಒಂದೇ, ಹಿಂದೆ ಕೂತವರಿಗೆ ಮೈ ನೋಯಬಾರದು. ಸನ್‌ರೂಫು, ಅಗಲದ ಸ್ಕ್ರೀನು, ಪಿಕಪ್ಪು ಎಲ್ಲ ಆಮೇಲೆ. ಅತ್ತೆಗೆ ಸೊಂಟದ ಡಿಸ್ಕ್ ತೊಂದರೆ ಇದೆ. ಒಂದು ಗುಂಡಿಗೆ ಜೋರಾಗಿ ಇಳಿಸಿದರೆ ಮಾರನೇ ದಿನ ಏಳೋದಕ್ಕೇ ಕಷ್ಟಪಡುತ್ತಾರೆ. ಚಿಕ್ಕವನಿಗೆ ಘಾಟಿಯಲ್ಲಿ ವಾಂತಿ. ಅಕ್ಕನ ಮನೆ ಇರೋದು ಪುತ್ತೂರಿನಲ್ಲಿ, ನಮಗೆ ಶಿರಾಡಿ ಇಳಿಯದೆ ದಾರಿಯಿಲ್ಲ.

ಈ ಓಡಾಟದಲ್ಲಿ ನನಗೆ ಸ್ಪಷ್ಟವಾಗಿ ಗೊತ್ತಾದ ವಿಷಯ ಅಂದರೆ ಬೆನ್ನಿಗೆ ಬೇಕಾದದ್ದು ಬೇರೆ, ಹೊಟ್ಟೆಗೆ ಬೇಕಾದದ್ದು ಬೇರೆ. ಕೂತವರ ಮೈಗೆ ಜಾಸ್ತಿ ತಾಗುವುದು ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ಕುಲುಕಾಟ. ಕಿತ್ತುಹೋದ ಟಾರಿನ ಮೇಲೆ ಗಾಡಿ ಗಡಗಡ ಅನ್ನುತ್ತದಲ್ಲ, ಅದು. ಹೊಟ್ಟೆ ತೊಳಸುವುದು ಅದರಿಂದಲ್ಲ, ತುಂಬಾ ನಿಧಾನದ ತೂಗಾಟದಿಂದ. ಸುಮಾರು ಐದು ಸೆಕೆಂಡಿಗೊಂದು ಸಲ ಆ ಕಡೆ ಈ ಕಡೆ ವಾಲುತ್ತಾ, ಮುಂದೆ ಹಿಂದೆ ಎಳೆಯುತ್ತಾ ಹೋದರೆ ಕಿವಿಯೊಳಗಿನ ಸಮತೋಲನದ ಅಂಗ ಒಂದು ಹೇಳುತ್ತದೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು ಇನ್ನೊಂದು ಹೇಳುತ್ತದೆ. ಮಗು ಬೆವರೋದಕ್ಕೆ ಶುರು ಮಾಡುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೆತ್ತಗಿನ ಗಾಡಿ ತಗೊಂಡರೆ ಎಲ್ಲ ಸರಿಹೋಗುತ್ತೆ ಅನ್ನುವ ಹಾಗಿಲ್ಲ.

ನಾವು ಮೊದಲು ಓಡಿಸಿ ನೋಡಿದ ಗಾಡಿ ಹಾಗೇ ಇತ್ತು. ಹೆಸರು ಬೇಡ. ಶೋರೂಮಿನ ಹುಡುಗ ಬಿ.ಎಂ. (ಬೆಂಗಳೂರು-ಮಂಗಳೂರು) ರೋಡಿನಲ್ಲೇ ಒಂದು ಸುತ್ತು ಹಾಕಿಸಿ ವಾಪಸ್ ತರೋಣ ಅಂದ. ಆ ರಸ್ತೆಯಲ್ಲಿ ಯಾವ ಗಾಡಿಯಾದರೂ ಚೆನ್ನಾಗೇ ಇರುತ್ತೆ ಅಲ್ವಾ? ನಾನು ಒಪ್ಪಲಿಲ್ಲ. ಸಾಲಗಾಮೆ ರೋಡಿನ ಕಡೆಗೆ ತಿರುಗಿಸಿ, ಅಲ್ಲಿಂದ ಒಳಗಿನ ಹಳ್ಳಿ ರಸ್ತೆಗೆ ಇಳಿಸಿ ಅಂದೆ. ಅತ್ತೆ ಮಾವ ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡೇ ಹೋಗಿದ್ದೆ. ಅದು ಮುಖ್ಯ. ಏಳು ಜನರ ಭಾರ ಹೊರುವ ಹಾಗೆ ಸ್ಪ್ರಿಂಗ್ ಹಾಕಿರುವ ಗಾಡಿಯಲ್ಲಿ ಒಬ್ಬರೇ ಕೂತರೆ ಗಟ್ಟಿ ಅನ್ನಿಸುತ್ತೆ, ತುಂಬಿದರೆ ಬೇರೆಯೇ ಆಗುತ್ತೆ. ಗುಂಡಿಗಳ ಮೇಲೆ ಅತ್ತೆಗೆ ಏನೂ ಅನ್ನಿಸಲೇ ಇಲ್ಲ. “ಇದೇ ಇರಲಿ ಕಣಮ್ಮಾ” ಅಂದರು. ಆದರೆ ಪ್ರತಿ ಹಂಪ್ ಆದಮೇಲೂ ಗಾಡಿ ತೊಟ್ಟಿಲಿನ ಹಾಗೆ ಇನ್ನೊಂದೆರಡು ಸಲ ತೂಗುತ್ತಿತ್ತು, ತಿರುವಿನಲ್ಲಿ ಚೆನ್ನಾಗಿ ವಾಲುತ್ತಿತ್ತು. ಚಿಕ್ಕವನು ಮಾತು ನಿಲ್ಲಿಸಿಬಿಟ್ಟ. ಅವನು ಸುಮ್ಮನಾದ ಅಂದರೆ ನನಗೆ ಅರ್ಥ ಆಗುತ್ತೆ.

ಸ್ಪ್ರಿಂಗ್ ಪೆಟ್ಟು ನುಂಗುತ್ತದೆ. ನುಂಗಿದಮೇಲೆ ಕುಣಿಯದ ಹಾಗೆ ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಎರಡರ ಹೊಂದಾಣಿಕೆಯಲ್ಲೇ ಎಲ್ಲ ಇದೆ. ದುಬಾರಿ ಗಾಡಿಗಳಲ್ಲಿ ಇದಕ್ಕೆ ಬೇರೆ ಬೇರೆ ದಾರಿ ಹುಡುಕಿದ್ದಾರೆ. ಮಹೀಂದ್ರ ಎಕ್ಸ್‌ಯುವಿ 700ರಲ್ಲಿ ಸಣ್ಣ ಸಣ್ಣ ಗಡಗಡ ಕುಲುಕಾಟಕ್ಕೆ ಮೆತ್ತಗೆ, ನಿಧಾನದ ತೂಗಾಟಕ್ಕೆ ಬಿಗಿಯಾಗಿ ವರ್ತಿಸುವ ಶಾಕ್ ಇದೆ, ಹಿಂದಿನ ಎರಡು ಚಕ್ರವೂ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಆಡುತ್ತವೆ. ನಮ್ಮ ಬಜೆಟ್ಟಿನ ಹೆಚ್ಚಿನ ಗಾಡಿಗಳಲ್ಲಿ ಹಿಂದೆ ಎರಡು ಚಕ್ರವನ್ನೂ ಜೋಡಿಸುವ ಟಾರ್ಷನ್ ಬೀಮ್ ಇರುತ್ತದೆ. ಎರ್ಟಿಗಾ, ಕ್ಯಾರೆನ್ಸ್, ಕ್ರೆಟಾ ಎಲ್ಲ ಅದೇ. ಅದಿದ್ದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಚೆನ್ನಾಗಿ ಹೊಂದಿಸಿದ್ದರೆ ಸಾಕು.

ಮಾವ ಮಾತ್ರ ಅಂಬಾಸಿಡರ್ ಬಿಡಲ್ಲ. “ಅದರ ಸುಖ ಯಾವುದರಲ್ಲೂ ಇಲ್ಲ ಬಿಡಮ್ಮ” ಅಂತಾರೆ. 2014ರಲ್ಲಿ ಅದನ್ನು ಮಾಡೋದೇ ನಿಲ್ಲಿಸಿದರು. ಹಿಂದೆ ಲಾರಿಗೆ ಇರುವಂಥ ಪಟ್ಟಿ ಸ್ಪ್ರಿಂಗೇ ಇದ್ದದ್ದು, ಆದರೂ ಅವರ ಮಾತಲ್ಲಿ ಸತ್ಯ ಇದೆ. ಸೋಫಾದಂಥ ಸೀಟು, ಎತ್ತರದ ಗೋಡೆಯ ಟೈರು, ಆಗಿನ ನಿಧಾನದ ಓಡಾಟ. ಈಗಿನ ಗಾಡಿಗಳಲ್ಲಿ ಮೊದಲು ಬಲಿಯಾಗಿದ್ದು ಆ ಟೈರೇ ಅಂತ ನನಗನ್ನಿಸುತ್ತೆ.

ಟೈರಿನ ವಿಷಯ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದರೆ ಶೋರೂಮಿನಲ್ಲಿ ಯಾರೂ ಹೇಳಲ್ಲ. ಟೈರಿನ ಮೇಲೆ 205/65 ಆರ್16 ಅಂತ ಬರೆದಿರುತ್ತದೆ. 205 ಅನ್ನೋದು ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65. ಕೊನೆಯದು ರಿಮ್ಮಿನ ಇಂಚು. ಇನೋವಾ ಕ್ರಿಸ್ಟಾದಲ್ಲಿ ಕೆಳಗಿನ ಮಾಡೆಲ್ಲಿಗೆ ಈ ಟೈರು, ಮೇಲಿನ ಮಾಡೆಲ್ಲಿಗೆ 215/55 ಆರ್17. ಲೆಕ್ಕ ಹಾಕಿದರೆ ಮೊದಲನೆಯದರ ಗೋಡೆ ಸುಮಾರು 133 ಮಿ.ಮೀ., ಎರಡನೆಯದರದ್ದು ಸುಮಾರು 118. ಅಂದರೆ ಹೆಚ್ಚು ದುಡ್ಡು ಕೊಟ್ಟವರಿಗೆ ಕಲ್ಲಿಗೂ ರಿಮ್ಮಿಗೂ ಮಧ್ಯೆ ಒಂದೂವರೆ ಸೆಂಟಿಮೀಟರ್ ಗಾಳಿ ಕಡಿಮೆ! ಚೂಪಾದ ಗುಂಡಿಯ ಅಂಚಿಗೆ ಬಡಿದಾಗ ಪೆಟ್ಟನ್ನು ಮೊದಲು ತಗೊಳ್ಳೋದು ಆ ಗೋಡೆ. ದೊಡ್ಡ ಅಲಾಯ್ ನೋಡೋದಕ್ಕೆ ಚೆಂದ, ಒಪ್ತೀನಿ. ಆದರೆ ಬೆನ್ನು ನೋವಿನವರು ಇರುವ ಮನೆಗೆ ಸಣ್ಣ ರಿಮ್ಮಿನ ಮಾಡೆಲ್ಲೇ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಗಾಳಿಯೂ ಅಷ್ಟೇ. ಇನ್ನೊಂದು ಶೋರೂಮಿನ ಗಾಡಿ ಕಲ್ಲಿನ ಮೇಲೆ ಹಾರಿದ ಹಾಗೆ ಆಗುತ್ತಿತ್ತು. ನಮ್ಮ ಯಜಮಾನರು ಪಂಕ್ಚರ್ ಅಂಗಡಿ ಹತ್ತಿರ ನಿಲ್ಲಿಸಿ ಗಾಳಿ ನೋಡಿಸಿದರು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರಲ್ಲ, ಅದರಲ್ಲಿ ಇದ್ದದ್ದಕ್ಕಿಂತ ಎಷ್ಟೋ ಜಾಸ್ತಿ ತುಂಬಿದ್ದರು. ಇಳಿಸಿದಮೇಲೆ ಅದೇ ಗಾಡಿ ಬೇರೆ ಥರ ಓಡಿತು. ಇದನ್ನು ನೋಡದೆ ಗಾಡಿ ಬಗ್ಗೆ ತೀರ್ಪು ಕೊಡೋದು ಅನ್ಯಾಯ. ಟೈರು ತಣ್ಣಗಿದ್ದಾಗ ನೋಡಿದರೆ ಲೆಕ್ಕ ಸರಿ ಸಿಗುತ್ತದೆ.

ಹಂಪ್ ವಿಷಯಕ್ಕೆ ಬಂದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ ದೊಡ್ಡದಿದ್ದಷ್ಟೂ ಒಳ್ಳೆಯದು, ಗಾಡಿ ಮೂಗು ಎತ್ತಿ ಇಳಿಸೋದು ಕಡಿಮೆ. ಕ್ರೆಟಾದಲ್ಲಿ 2610 ಮಿ.ಮೀ., ಎರ್ಟಿಗಾದಲ್ಲಿ 2740, ಕ್ಯಾರೆನ್ಸ್‌ನಲ್ಲಿ 2780. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ, 25 ಕಿ.ಮೀ. ವೇಗದಲ್ಲಿ ದಾಟುವ ಹಾಗಿರಬೇಕು. ನಮ್ಮ ಕಡೆ ಊರಿನವರೇ ರಾತ್ರೋರಾತ್ರಿ ಹಾಕಿಕೊಂಡ ದಿಣ್ಣೆಗಳನ್ನು ನೋಡಿದವರಿಗೆ ಈ ಅಳತೆ ಓದಿದರೆ ಹೊಟ್ಟೆ ಉರಿಯುತ್ತೆ. ಅವರ ಭಯವೂ ಸುಳ್ಳಲ್ಲ, ಮಕ್ಕಳು ಓಡಾಡುವ ಜಾಗ. ಸರಿಯಾದ ಅಳತೆಯಲ್ಲಿ ಹಾಕಿಕೊಟ್ಟರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು.

ಯಾರು ಎಲ್ಲಿ ಕೂರೋದು ಅನ್ನೋದನ್ನೂ ಗಾಡಿ ನೋಡುವಾಗಲೇ ತೀರ್ಮಾನ ಮಾಡಿದೆವು. ಮಧ್ಯದ ಸಾಲು ಮುಂದಿನ ಹಿಂದಿನ ಚಕ್ರಗಳ ನಡುವೆ ಇರುತ್ತದೆ, ಅಲ್ಲೇ ಕುಲುಕಾಟ ಕಡಿಮೆ. ಮೂರನೇ ಸಾಲು ಹೆಚ್ಚುಕಮ್ಮಿ ಹಿಂದಿನ ಚಕ್ರದ ತಲೆಯ ಮೇಲೇ ಇರುತ್ತದೆ. ಅತ್ತೆಗೆ ಮಧ್ಯದ ಸಾಲಿನ ಎಡಬಾಗಿಲು. ಚಿಕ್ಕವನಿಗೆ ಅದೇ ಸಾಲಿನಲ್ಲಿ ಮುಂದಿನ ಗಾಜು ಕಾಣುವ ಜಾಗ, ಫೋನು ಪುಸ್ತಕ ಕೈಗೆ ಕೊಡೋ ಹಾಗಿಲ್ಲ. ದೊಡ್ಡವಳು ಹಿಂದಿನ ಸಾಲು ನನಗಿರಲಿ ಅಂತ ಅವಳಾಗೇ ಕೇಳಿಕೊಂಡಳು. ಸೀಟಿನ ಎತ್ತರವನ್ನೂ ಅತ್ತೆ ಕೈಲೇ ನೋಡಿಸಿದೆ. ಕಾರಿನ ಸೀಟಿಗೆ ಕುಸಿದು ಕೂರಬಾರದು, ಜೀಪಿನ ಹಾಗೆ ಹತ್ತಲೂಬಾರದು, ತಿರುಗಿ ಸುಮ್ನೆ ಕೂತರೆ ಸಾಕು ಅನ್ನುವಂತಿರಬೇಕು. ಎತ್ತರದ ಎಸ್‌ಯುವಿಗಳನ್ನು ಅವರು ಬಾಗಿಲಲ್ಲೇ ಬೇಡ ಅಂದರು.

ಗೇರು ಬದಲಾಗುವ ಜರ್ಕನ್ನು ಜನ ಸಸ್ಪೆನ್ಷನ್, ಅಂದರೆ ಸ್ಪ್ರಿಂಗು ಶಾಕಿನ ಲೆಕ್ಕಕ್ಕೆ ಸೇರಿಸಲ್ಲ, ಆದರೆ ಹಿಂದೆ ಕೂತವರ ತಲೆ ಮುಂದೆ ಹಿಂದೆ ಆಡೋದು ಅದರಿಂದಲೇ. ಎಎಂಟಿ, ಅಂದರೆ ಮಾಮೂಲಿ ಗೇರನ್ನೇ ಯಂತ್ರ ತಾನಾಗಿ ಬದಲಿಸುವ ಗಾಡಿಗಳು ಅಗ್ಗ, ಮೈಲೇಜೂ ಚೆನ್ನ, ಆದರೆ ಒಂದರಿಂದ ಎರಡಕ್ಕೆ ಹೋಗುವಾಗ ತಲೆ ತೂಗುವಂಥ ಒಂದು ಜರ್ಕು ಬರುತ್ತದೆ. ಎಣ್ಣೆಯ ಮೂಲಕ ಎಂಜಿನ್ನಿನ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ಕಿನಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಕರೆಂಟಿನ ಗಾಡಿಗೆ ಗೇರ್ ಬದಲಾವಣೆಯೇ ಇಲ್ಲ, ಬ್ಯಾಟರಿ ನೆಲದಲ್ಲೇ ಇರೋದರಿಂದ ವಾಲೋದೂ ಕಡಿಮೆ. ಆದರೆ ಕಾಲು ತೆಗೆದ ಕೂಡಲೇ ಹಿಡಿದೆಳೆಯುವ ರೀಜನ್ ಜಾಸ್ತಿ ಇಟ್ಟರೆ ವಾಂತಿ ಬರುವವರಿಗೆ ಹಿಂಸೆ, ಅದನ್ನು ಕಡಿಮೆ ಮಾಡಿಕೊಂಡು ಓಡಿಸಬೇಕು.

ಹಳೇ ಕ್ರಿಸ್ಟಾ ಒಂದನ್ನೂ ನೋಡಿದೆವು. ನಮ್ಮ ಮೆಕ್ಯಾನಿಕ್ ನಾಲ್ಕೂ ಮೂಲೆ ಒತ್ತಿ ಬಿಟ್ಟು ನೋಡಿದ. ಒತ್ತಿ ಬಿಟ್ಟರೆ ಒಂದು ಸಲ ಎದ್ದು ನಿಲ್ಲಬೇಕು, ಅದು ನಿಲ್ಲಲಿಲ್ಲ. ಶಾಕು, ಬುಷ್ಷು, ಲಿಂಕ್ ರಾಡು ಎಲ್ಲ ಮುಗಿದಿವೆ ಮೇಡಂ ಅಂದ. ಹಾಕಿಸಿದರೆ ಗಾಡಿ ಮತ್ತೆ ಚೆನ್ನಾಗೇ ಆಗುತ್ತೆ, ಆದರೆ ಅವರು ಹೇಳಿದ ರೇಟಿಗೆ ಅದು ಕೂಡಿಬರಲಿಲ್ಲ.

ಕೊನೆಗೆ ಪಕ್ಕದ ಮನೆಯವರು ತಮ್ಮ ಎರ್ಟಿಗಾ ಆಟೋಮ್ಯಾಟಿಕ್ ಕೊಟ್ಟು ಪುತ್ತೂರಿಗೆ ಹೋಗಿಬನ್ನಿ ಅಂದರು. ದೊಡ್ಡ ಮನಸ್ಸು ಅವರದು. ನಿನ್ನೆ ಬೆಳಗ್ಗೆ ಹೋಗಿ ಇವತ್ತು ಮಧ್ಯಾಹ್ನ ಬಂದೆವು. ಶಿರಾಡಿಯನ್ನು 2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು ಭಾಗ ಕಾಂಕ್ರೀಟ್ ಮಾಡಿದ್ದಾರೆ. ಅದರ ಮೇಲೆ ಟೈರಿನ ಸದ್ದು ಸ್ವಲ್ಪ ಜಾಸ್ತಿ ಕೇಳಿಸಿತು, ಪೆಟ್ಟು ಮಾತ್ರ ಬೆನ್ನಿಗೆ ಬರಲಿಲ್ಲ. ಮಾರನಹಳ್ಳಿ ದಾಟಿದಮೇಲೆ ನಾನೇ ಓಡಿಸಿದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಮುಟ್ಟದೆ, ಒಂದೇ ಸಮ ಸ್ಟೀರಿಂಗ್ ಹಿಡಿದೆ. ಗುಂಡ್ಯದಲ್ಲಿ ಕಾಫಿಗೆ ನಿಲ್ಲಿಸಿದಾಗ ಚಿಕ್ಕವನು ಬನ್ಸ್ ಬೇಕು ಅಂದ. ಘಾಟಿ ಇಳಿದು ಅವನು ತಿಂಡಿ ಕೇಳಿದ್ದು ಇದೇ ಮೊದಲು, ನನಗೆ ಎಷ್ಟು ಖುಷಿ ಆಯಿತು ಅಂದರೆ ಎರಡು ಪ್ಲೇಟ್ ಹೇಳಿದೆ. ಅತ್ತೆಗೆ ಮೊದಲನೇ ಗಾಡಿಯೇ ಇನ್ನೂ ಮೆತ್ತಗಿತ್ತು ಅಂತ ಅನ್ನಿಸಿದೆ, ಅದನ್ನು ಮುಚ್ಚಿಡದೆ ಹೇಳಿದರು. ಆದರೆ ಇವತ್ತು ಬಂದಮೇಲೆ ಮಲಗದೆ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದರು.

ಎರ್ಟಿಗಾನೇ ಅಂತ ಆಯಿತು. ಬಿಳಿ ಬಣ್ಣ, ಹದಿನೈದು ಇಂಚಿನ ಚಕ್ರ, ಆಟೋಮ್ಯಾಟಿಕ್. ನಾಳೆ ಬೆಳಗ್ಗೆ ಇವರು ಬ್ಯಾಂಕಿಗೆ ಹೋಗಿ ಸಾಲದ ಕಾಗದ ಮಾಡಿಸಿಕೊಂಡು ಬುಕಿಂಗ್ ದುಡ್ಡು ಕಟ್ಟುತ್ತಾರೆ.