ಗೇಟಿನಾಚೆ ನಿಂತು ನೋಡಬೇಕಿತ್ತು

ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವಿಸ್, ನೆಟ್‌ವರ್ಕ್ ಕೆಲಸ ಮಾಡಿಕೊಂಡಿದ್ದೇನೆ. ಸಿಸಿಟಿವಿ ಹಾಕೋದು, ಆಫೀಸುಗಳಿಗೆ ಕೇಬಲ್ ಎಳೆಯೋದು, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಕೈಕೊಟ್ಟರೆ ಓಡೋದು, ಇವೇ ದಿನದ ಕೆಲಸ. ಪುಸ್ತಕದ ಕೆಲಸ ಅಂತ ಬಂದಿದ್ದು ಒಂದೇ ಒಂದು. ಮರ್ಯಾದೆ ಹೋಗಿದ್ದೂ ಅದರಲ್ಲೇ.

ವಿದ್ಯಾನಗರದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. ಅವರ ಹಳೇ ಡೆಸ್ಕ್‌ಟಾಪಿನಲ್ಲಿ ಸಾವಿರದ ಮೇಲೆ ಇ-ಪುಸ್ತಕಗಳಿವೆ. ಕೆಲವು ದುಡ್ಡು ಕೊಟ್ಟು ತಗೊಂಡವು, ಕೆಲವು ಉಚಿತವಾಗಿ ಇಳಿಸಿಕೊಂಡವು, ಇನ್ನು ಕೆಲವು ತಾವೇ ಕೂತು ಸ್ಕ್ಯಾನ್ ಮಾಡಿದ ಟಿಪ್ಪಣಿಗಳು. ಎಲ್ಲವನ್ನೂ ಕ್ಯಾಲಿಬರ್‌ನಲ್ಲಿ ಜೋಡಿಸಿದ್ದರು. ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಉಚಿತ ಸಾಫ್ಟ್‌ವೇರ್ ಅದು. ಇ-ಪುಸ್ತಕ ಜಾಸ್ತಿ ಓದುವವರಿಗೆ ಹೊಸದಲ್ಲ.

ಮಗಳಿಗೆ ಬಾಣಂತನ. ಮೇಷ್ಟ್ರೂ ಅಮ್ಮಾರೂ ಮೂರು ತಿಂಗಳು ಚಿತ್ರದುರ್ಗದಲ್ಲಿರಬೇಕು. ಅಲ್ಲಿ ಕೂತು ಟ್ಯಾಬಿನಲ್ಲಿ ಈ ಪುಸ್ತಕಗಳನ್ನು ಓದುವ ಹಾಗೆ ಆಗಬೇಕು ಅಂದರು.

"ಬೇಕಾದ್ದನ್ನ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ ಸರ್" ಅಂದೆ.

"ಯಾವ್ದು ಬೇಕು ಅಂತ ಮೊದ್ಲೇ ಗೊತ್ತಿದ್ರೆ ಲೈಬ್ರರಿ ಯಾಕೆ ಬೇಕಿತ್ತು ತಮ್ಮಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಲಿಬರ್‌ನಲ್ಲೇ ಕಂಟೆಂಟ್ ಸರ್ವರ್ ಅಂತ ಒಂದಿದೆ. ಅದನ್ನು ಆನ್ ಮಾಡಿದರೆ ಬ್ರೌಸರಿನಲ್ಲಿ ಇಡೀ ಲೈಬ್ರರಿ ಕಾಣುತ್ತದೆ. ಸುಮ್ನೆ ಬಿಟ್ಟರೆ 8080 ಅನ್ನೋ ಪೋರ್ಟಿನಲ್ಲಿ, ಅಂದರೆ ಕಂಪ್ಯೂಟರಿನ ಆ ನಂಬರಿನ ಬಾಗಿಲಲ್ಲಿ, ಓಡುತ್ತದೆ. ಟ್ಯಾಬಿನಲ್ಲಿ 192.168ರಿಂದ ಶುರುವಾಗುವ ಮನೆಯೊಳಗಿನ ನಂಬರ್ ಹೊಡೆದೆ. ಮುಖಪುಟಗಳು ಸಾಲಾಗಿ ಬಂದವು. ಮೇಷ್ಟ್ರಿಗೆ ಭಾರಿ ಖುಷಿ.

ಆಮೇಲೆ ಹೊರಗಿನಿಂದ ಬರಲು ದಾರಿ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ, ಅಂದರೆ ಹೊರಗಿಂದ ಬಂದವರನ್ನು ನೇರ ಆ ಡೆಸ್ಕ್‌ಟಾಪಿಗೆ ಕಳಿಸು ಅಂತ ಹೇಳಿಟ್ಟೆ. ಇಂಟರ್‌ನೆಟ್ ನಂಬರ್ ಬದಲಾಗುತ್ತಾ ಇರುತ್ತದೆ ಅಂತ ನಂಬರ್ ಬದಲಾದರೂ ಅದನ್ನು ಹಿಂಬಾಲಿಸುವ ಡೈನಮಿಕ್ ಡಿಎನ್‌ಎಸ್ ಹೆಸರೊಂದನ್ನು ಕಟ್ಟಿದೆ. ಅದೇ ಟ್ಯಾಬಿನಲ್ಲಿ ಆ ಹೆಸರು ಹೊಡೆದರೆ ಪೇಜು ಸುತ್ತಿ ಸುತ್ತಿ ನಿಂತಿತು. ಓಪನ್ ಆಗಲಿಲ್ಲ.

ಇಲ್ಲಿ ನನ್ನ ಅರ್ಧ ತಿಳಿವಳಿಕೆ ಕೆಲಸ ಮಾಡಿತು. ಮನೆಯೊಳಗಿಂದ ಹೊರಗಿನ ನಂಬರಿಗೆ ಹೋಗಿ ಮತ್ತೆ ಒಳಗೆ ಬರೋದನ್ನು ಕೆಲವು ರೂಟರ್ ಬಿಡಲ್ಲ. ಇದು ನಿಜ. ಎಷ್ಟೋ ಕ್ಯಾಮೆರಾ ಕೆಲಸದಲ್ಲಿ ನೋಡಿದ್ದೆ. "ಒಳಗಿಂದ ಹಿಂಗೇ ಸರ್, ಹೊರಗೆ ಹೋದ್ರೆ ಓಪನ್ ಆಗುತ್ತೆ" ಅಂದೆ. ಜೇಬಿನಲ್ಲಿ ಮೊಬೈಲ್ ಇತ್ತು, ಡೇಟಾ ಇತ್ತು. ವೈಫೈ ಆಫ್ ಮಾಡಿ ಗೇಟಿನಾಚೆ ನಿಂತಿದ್ದರೆ ಅರ್ಧ ನಿಮಿಷದ ಕೆಲಸ. ಮಾಡಲಿಲ್ಲ. ಅಮ್ಮಾರು ಕಾಫಿ ಕೊಟ್ಟರು, ಕುಡಿದೆ, ದುಡ್ಡು ಇಸಕೊಂಡು ಬಂದೆ.

ನಾಲ್ಕನೇ ದಿನ ಫೋನ್. "ಏನೂ ಬರ್ತಿಲ್ಲ ಕಣಪ್ಪಾ." ನಾನು ತಪ್ಪು ಹೊರಿಸಿದ್ದು ಯಾರ ಮೇಲೆ ಗೊತ್ತಾ? ಅವರ ಅಳಿಯನ ವೈಫೈ ಮೇಲೆ. ಪಾಪ ಆ ಮನುಷ್ಯ ನನ್ನ ಮಾತು ಕೇಳಿ ಎರಡು ಸಲ ರೂಟರ್ ಆಫ್ ಮಾಡಿ ಆನ್ ಮಾಡಿದರು. ಮೂರನೇ ಸಲ ಹೇಳುವಷ್ಟು ಧೈರ್ಯ ನನಗೇ ಬರಲಿಲ್ಲ. ಆ ವಾರ ಚಿತ್ರದುರ್ಗದಲ್ಲಿ ಬೇರೆ ಕೆಲಸವೂ ಇತ್ತು. ಹೈವೇ ಹಿಡಿದರೆ ಸುಮಾರು 60 ಕಿಲೋಮೀಟರ್. ಅವರ ಮನೆಯಲ್ಲಿ ಕೂತು ನನ್ನ ಮೊಬೈಲ್ ಡೇಟಾದಲ್ಲೇ ನೋಡಿದೆ. ಅದೇ ಸುತ್ತೋ ಚಕ್ರ. ಅಳಿಯಂದಿರು ಏನೂ ಮಾತಾಡಲಿಲ್ಲ. ಅವರ ರೂಟರ್ ಕಡೆ ಒಂದು ಸಲ ನೋಡಿದರು, ಅಷ್ಟೇ.

ವಾಪಸ್ ಬಂದವನೇ ಮಹಡಿ ಮೇಲಿನ ಬಾಡಿಗೆಯವರ ಹತ್ತಿರ ಕೀ ತಗೊಂಡು ಮೇಷ್ಟ್ರ ಮನೆಗೆ ಹೋದೆ. ರೂಟರಿನ ಪೇಜು ತೆಗೆದು, ಇಂಟರ್‌ನೆಟ್ ಕಂಪನಿಯವರು ಈ ರೂಟರಿಗೆ ಕೊಟ್ಟ ನಂಬರ್ ಯಾವುದು ಅಂತ ನೋಡಿದೆ. 100.72ರಿಂದ ಶುರುವಾಗುತ್ತಿತ್ತು. ಬ್ರೌಸರಿನಲ್ಲಿ ಹೊರಗೆ ಕಾಣುವ ನಂಬರ್ ಕೇಳಿದರೆ ಬೇರೆಯೇ ಇತ್ತು. ಮೊದಲ ದಿನವೇ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಮುಗಿದಿತ್ತು.

ಇದನ್ನು ಸಿಜಿನ್ಯಾಟ್ ಅಂತಾರೆ. ಐಪಿವಿ4 ಅನ್ನೋ ಇಂಟರ್‌ನೆಟ್ಟಿನ ಹಳೇ ನಂಬರ್ ಪದ್ಧತಿಯಲ್ಲಿ ಇರೋದೇ ಸುಮಾರು 430 ಕೋಟಿ ನಂಬರ್. ಮೊಬೈಲು, ಮನೆ, ಆಫೀಸು ಎಲ್ಲಕ್ಕೂ ಸಾಲಲ್ಲ. ಅದಕ್ಕೇ ಕಂಪನಿಯವರು ಬಹಳ ಮನೆಗಳನ್ನು ಒಂದೇ ಹೊರಗಿನ ನಂಬರಿನ ಹಿಂದೆ ಕೂರಿಸುತ್ತಾರೆ. ಒಳಗೆ ಹಂಚೋಕೆ ಅಂತಲೇ 100.64ರಿಂದ 100.127ರವರೆಗಿನ ನಂಬರುಗಳನ್ನು 2012ರಲ್ಲಿ ಬೇರೆ ತೆಗೆದಿಟ್ಟಿದ್ದಾರೆ. ವಠಾರ ಇದ್ದ ಹಾಗೆ. ಬೀದಿಗೆ ಒಂದೇ ಬಾಗಿಲು, ಒಳಗೆ ಇಪ್ಪತ್ತು ಮನೆ. ಒಳಗಿನವರು ಹೊರಗೆ ಹೋಗಿ ಬರಬಹುದು. ಹೊರಗಿನವನು ಬಂದು ಬಾಗಿಲು ಬಡಿದರೆ ಯಾವ ಮನೆಗೆ ಬಂದಿದಾನೆ ಅಂತ ಗೊತ್ತಾಗಲ್ಲ. ನಾನು ಮಾಡಿದ್ದು ಒಳಮನೆಯ ಬಾಗಿಲಿಗೆ ಬೋರ್ಡ್ ಹಾಕಿದ ಕೆಲಸ. ಬೀದಿಯಲ್ಲಿ ಹೋಗುವವನಿಗೆ ಅದು ಕಾಣೋದೇ ಇಲ್ಲ.

ಅಲ್ಲೇ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ. ಕ್ಯಾಲಿಬರ್ ಸರ್ವರಿಗೆ ತಾನಾಗೇ ಪಾಸ್‌ವರ್ಡ್ ಇರಲ್ಲ, ನಾವೇ ಇಡಬೇಕು. ನಾನು ಇಟ್ಟಿರಲಿಲ್ಲ. ಲೈಬ್ರರಿ ಜಾಲಾಡಿದರೆ ವಚನಗಳ ಪುಸ್ತಕಗಳ ಪಕ್ಕದಲ್ಲೇ "ಮನೆ ಪತ್ರ 2" ಅಂತ ಒಂದು ಪಿಡಿಎಫ್! ಮೇಷ್ಟ್ರು ಮನೆ ಖಾತೆ, ಪಿಂಚಣಿ ಕಾಗದ ಎಲ್ಲಾ ಸ್ಕ್ಯಾನ್ ಮಾಡಿ ಪುಸ್ತಕದ ಜೊತೆಗೇ ಇಟ್ಟುಬಿಟ್ಟಿದ್ದರು. ಆ ಸಿಜಿನ್ಯಾಟ್ ಅಡ್ಡ ಬರದೇ ಇದ್ದಿದ್ದರೆ ಆ ಕಾಗದಗಳನ್ನು ಯಾರು ಬೇಕಾದರೂ ನೋಡಬಹುದಿತ್ತು. ನನ್ನ ಒಂದು ತಪ್ಪನ್ನು ಇನ್ನೊಂದು ತಪ್ಪು ಕಾಪಾಡಿತ್ತು, ಅಷ್ಟೇ.

ಕಂಪನಿಗೆ ತಿಂಗಳಿಗಿಷ್ಟು ಅಂತ ಜಾಸ್ತಿ ಕೊಟ್ಟು ಸ್ವಂತ ನಂಬರ್ ತಗೋಬಹುದು. ಆದರೆ ಬೀದಿಗೆ ಬಾಗಿಲು ತೆಗೆಯೋ ಮನಸ್ಸೇ ನನಗೆ ಹೋಗಿತ್ತು. ಪೋರ್ಟ್ ಫಾರ್ವರ್ಡಿಂಗ್ ತೆಗೆದುಹಾಕಿದೆ. ಸರ್ವರಿಗೆ ಪಾಸ್‌ವರ್ಡ್ ಇಟ್ಟೆ. ಡೆಸ್ಕ್‌ಟಾಪಿಗೆ ಟೈಲ್‌ಸ್ಕೇಲ್ ಹಾಕಿದೆ. ಬೇರೆ ಬೇರೆ ಕಡೆಯ ಸಾಧನಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಸಾಫ್ಟ್‌ವೇರ್ ಅದು. ಟ್ಯಾಬಿಗೆ ಫೋನಿನಲ್ಲೇ ಹೇಳಿಕೊಟ್ಟು ಅಳಿಯಂದಿರ ಕೈಯಲ್ಲಿ ಹಾಕಿಸಿದೆ. ಎರಡೂ ಕಡೆಯವು ತಾವೇ ಹೊರಗೆ ಹೋಗಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಒಳಗಿಂದ ಹೊರಗೆ ಹೋಗೋದಕ್ಕೆ ವಠಾರದಲ್ಲಿ ತಡೆ ಇಲ್ಲವಲ್ಲ. ನಡುವೆ ಹೋಗುವುದೆಲ್ಲಾ ವೈರ್‌ಗಾರ್ಡ್ ಅನ್ನೋ ವಿಧಾನದಲ್ಲಿ ಗೂಢಲಿಪಿಯಾಗಿ ಹೋಗುತ್ತದೆ. ಒಂದೇ ತಮಾಷೆ ಅಂದರೆ ಟೈಲ್‌ಸ್ಕೇಲ್ ಕೊಟ್ಟ ನಂಬರೂ 100ರಿಂದಲೇ ಶುರು. ಅದೂ ಅದೇ ಗುಂಪಿನ ನಂಬರುಗಳನ್ನೇ ಬಳಸುತ್ತದೆ. ಒಂದು ಕ್ಷಣ ಎದೆ ಧಸಕ್ಕೆಂದಿತು.

ಉಳಿದವು ಸಣ್ಣ ಪುಟ್ಟವು. ಡೆಸ್ಕ್‌ಟಾಪ್ ನಿದ್ದೆಗೆ ಹೋಗದ ಹಾಗೆ ಮಾಡಿದೆ. ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗುವಂತೆ ಬಯೋಸ್‌ನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಏಳುವ ಸೆಟ್ಟಿಂಗಿನಲ್ಲಿ, ಬದಲಾಯಿಸಿದೆ. ನಮ್ಮ ಊರಲ್ಲಿ ಇದು ಬೇಕೇ ಬೇಕು. ವಿಂಡೋಸ್ ಶುರುವಾದ ಕೂಡಲೇ ಕ್ಯಾಲಿಬರ್ ಓಪನ್ ಆಗಬೇಕು, ಅದರ ಜೊತೆಗೇ ಸರ್ವರೂ ಏಳಬೇಕು. ದಪ್ಪ ಸ್ಕ್ಯಾನ್ ಪುಸ್ತಕ ನಿಧಾನ ಅಂತ ಮೇಷ್ಟ್ರಿಗೆ ಮೊದಲೇ ಹೇಳಿದೆ. ಇಲ್ಲಿ ಲೆಕ್ಕಕ್ಕೆ ಬರೋದು ದಾವಣಗೆರೆ ಮನೆಯ ಅಪ್‌ಲೋಡ್ ವೇಗ. ಅದು 10 ಎಂಬಿಪಿಎಸ್ ಇದ್ದರೆ 200 ಎಂಬಿ ಪುಸ್ತಕ ಇಳಿಯೋಕೆ ಕಮ್ಮಿ ಅಂದರೂ ಎರಡೂವರೆ ನಿಮಿಷದ ಮೇಲೆ.

ಆಮೇಲೆ ನನ್ನ ಮೊಬೈಲಿಗೂ ಟೈಲ್‌ಸ್ಕೇಲ್ ಹಾಕಿಕೊಂಡೆ. ವೈಫೈ ಆಫ್ ಮಾಡಿ ಗೇಟಿನಾಚೆ ರಸ್ತೆಯಲ್ಲಿ ನಿಂತೆ. ಮಹಡಿ ಮೇಲಿಂದ ಬಾಡಿಗೆಯವರು ಬಗ್ಗಿ ನೋಡುತ್ತಿದ್ದರು. ಮುಖಪುಟಗಳು ಒಂದೊಂದಾಗಿ ಬಂದವು. ಒಂದು ಪುಸ್ತಕ ತೆಗೆದು ಮೂರು ಪುಟ ಓದಿದೆ ಕೂಡ. ಪರೀಕ್ಷೆಗೆ ಹಾಕಿಕೊಂಡಿದ್ದ ಟೈಲ್‌ಸ್ಕೇಲನ್ನು ಮೊಬೈಲಿನಿಂದ ಅಲ್ಲೇ ತೆಗೆದು, ಮೇಷ್ಟ್ರಿಗೆ ಫೋನ್ ಮಾಡಿದೆ. "ಬಂತು, ಬಂತು" ಅಂದರು. ಆಮೇಲೆ ಮಾತೇ ಇಲ್ಲ. ಲೈನ್ ಕಟ್ ಆಯ್ತೇನೋ ಅಂದುಕೊಂಡೆ. ಓದೋಕೆ ಕೂತುಬಿಟ್ಟಿದ್ದರು.

ಮೂರು ತಿಂಗಳಿಗೆ ಅಂತ ಹೋದವರು ಮೊಮ್ಮಗುವನ್ನು ಬಿಟ್ಟು ಬರಲೇ ಇಲ್ಲ. ಆರು ತಿಂಗಳು ಕಳೆದ ಮೇಲೆ ಮತ್ತೆ ಫೋನ್. "ತಮ್ಮಾ, ಒಂದನೇ ಸಂಪುಟ ಮುಗಿದು ಎರಡು ದಿನ ಆಯ್ತು. ಎರಡನೇದು ಬರವಲ್ದು."

ಈ ಸಲ ಅಳಿಯನ ವೈಫೈ ವಿಷಯ ಎತ್ತಲಿಲ್ಲ. ಹುಡುಕಿದರೆ, ಟೈಲ್‌ಸ್ಕೇಲ್‌ನಲ್ಲಿ ಪ್ರತಿ ಸಾಧನದ ಕೀಗೂ, ಅಂದರೆ ಜಾಲಕ್ಕೆ ಸೇರಲು ಅದು ಬಳಸುವ ಗುರುತಿಗೂ, ಅವಧಿ ಇರುತ್ತದೆ. ನಾವು ಬದಲಾಯಿಸದಿದ್ದರೆ 180 ದಿನ. ಅದು ಮುಗಿದರೆ ಮತ್ತೆ ಲಾಗಿನ್ ಆಗಬೇಕು. ಡೆಸ್ಕ್‌ಟಾಪಿನದು ಮುಗಿದಿತ್ತು. ನಾನು ಹರಿಹರದಲ್ಲಿದ್ದೆ. ಬಾಡಿಗೆಯವರ ಮಗಳು ಕೆಳಗಿಳಿದು ಹೋಗಿ ಡೆಸ್ಕ್‌ಟಾಪ್ ಮುಂದೆ ಕೂತಳು. ಮೇಷ್ಟ್ರನ್ನೂ ಅವಳನ್ನೂ ಒಂದೇ ಕಾಲ್‌ಗೆ ಸೇರಿಸಿ ಲಾಗಿನ್ ಮಾಡಿಸಿದೆ. ಆ ಡೆಸ್ಕ್‌ಟಾಪಿಗೆ ಮಾತ್ರ ಅವಧಿ ಇರೋದು ಬೇಡ ಅಂತ ಸೆಟ್ಟಿಂಗ್ ಬದಲಾಯಿಸಿದೆ.

"ಅಂಕಲ್, ನಾನೂ ಗೇಟ್ ಹೊರಗೆ ಹೋಗಿ ನೋಡ್ಬೇಕಾ?" ಅಂದಳು ಆ ಹುಡುಗಿ.