60 ರೂಪಾಯಿಯ ಕಿಲೋಮೀಟರು 75 ಆಗುವ ಬಗೆ

ಊರಿನ ಬಸ್ಸಿಳಿದು ಪುಣೆಯ ಸ್ವಾರಗೇಟಿನಲ್ಲಿ ನಾವು ಹತ್ತುವ ಪಿಎಂಪಿಎಂಎಲ್ ಸಿಟಿ ಬಸ್ಸು ಎರಡು ಪಾಲಿಕೆಗಳ ಕಂಪನಿಯದು. ಪುಣೆಯ ಸಿಟಿ ಬಸ್ ಸಂಸ್ಥೆ ಪಿಎಂಟಿ, ಪಕ್ಕದ ಪಿಂಪ್ರಿ-ಚಿಂಚವಡದ ಪಿಸಿಎಂಟಿ 2007ರಲ್ಲಿ ಒಂದಾಗಿ ಇದಾಯಿತು. ನಷ್ಟವನ್ನು ಪುಣೆ ಪಾಲಿಕೆ 60, ಪಿಂಪ್ರಿ-ಚಿಂಚವಡ ಪಾಲಿಕೆ 40ರ ಲೆಕ್ಕದಲ್ಲಿ ತುಂಬಿಕೊಡುತ್ತವೆ. ನಷ್ಟ ಅಂದಕೂಡಲೇ ಎಲ್ಲರೂ ಕಂಡಕ್ಟರ್ ಕಡೆ ಬೆರಳು ತೋರಿಸುತ್ತಾರೆ. ದೊಡ್ಡ ತೂತು ಬೇರೆ ಕಡೆ ಇದೆ.

ಗುತ್ತಿಗೆ ಬಸ್ಸುಗಳಲ್ಲಿ ಬಸ್ಸು, ಡ್ರೈವರ್, ರಿಪೇರಿ ಎಲ್ಲ ಗುತ್ತಿಗೆದಾರನದು. ಕಂಡಕ್ಟರ್ ಮತ್ತು ಟಿಕೆಟ್ ದುಡ್ಡು ಕಂಪನಿಯದು. ಗುತ್ತಿಗೆದಾರನಿಗೆ ಹಣ ಸಿಗುವುದು ಕಿಲೋಮೀಟರಿಗಿಷ್ಟು ಅಂತ, ಜೊತೆಗೆ ದಿನಕ್ಕಿಷ್ಟು ಕಿಲೋಮೀಟರ್ ಖಾತರಿ. ಒಂದು ಲೆಕ್ಕ ಹಾಕಿ ನೋಡೋಣ (ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು). ದರ 60 ರೂಪಾಯಿ, ಖಾತರಿ 200 ಕಿ.ಮೀ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬಸ್ಸು ಓಡಿದ್ದು 160. ಓಡಿದ್ದಕ್ಕೆ 9,600, ಓಡದ 40 ಕಿ.ಮೀ.ಗೆ ಅರ್ಧ ದರದಂತೆ 1,200. ಒಟ್ಟು 10,800. ಆಗಲೇ ಕಿ.ಮೀ.ಗೆ 67.50 ಬಿತ್ತು. ಆ 160ರಲ್ಲಿ ಡಿಪೋದಿಂದ ಮೊದಲ ಸ್ಟಾಪಿಗೆ, ರಾತ್ರಿ ಮತ್ತೆ ಡಿಪೋಗೆ ಖಾಲಿ ಓಡಿದ್ದು 16. ಜನರನ್ನು ಹೊತ್ತದ್ದು 144 ಕಿ.ಮೀ. ಮಾತ್ರ, ಅಂದರೆ ಕಿ.ಮೀ.ಗೆ 75. ಟೆಂಡರ್ ಸುದ್ದಿಯಲ್ಲಿ ಮಾತ್ರ 60 ಅಂತಲೇ ಇರುತ್ತದೆ.

12 ಕಿ.ಮೀ.ನ ರೂಟಾದರೆ ಈ 144 ಕಿ.ಮೀ. ಅಂದರೆ 12 ಟ್ರಿಪ್. ಟಿಕೆಟಿಗೆ ಸರಾಸರಿ 12 ರೂಪಾಯಿ ಬಂದರೆ ಆ 10,800 ಹುಟ್ಟಲು ದಿನಕ್ಕೆ 900, ಟ್ರಿಪ್ಪಿಗೆ 75 ಟಿಕೆಟ್ ಹರಿಯಬೇಕು. ಕಂಡಕ್ಟರ್ ಸಂಬಳ ಇನ್ನೂ ಸೇರಿಸಿಲ್ಲ!

ಈ ಖರ್ಚನ್ನು ಇಳಿಸುವ ಅಗ್ಗದ ದಾರಿ ವೇಗ. ಗಂಟೆಗೆ 12 ಕಿ.ಮೀ. ಹೋಗುವ ಬಸ್ಸು ಆ ರೂಟಿಗೆ 60 ನಿಮಿಷ ತೆಗೆದುಕೊಂಡರೆ, 16ರ ವೇಗಕ್ಕೆ 45 ನಿಮಿಷ ಸಾಕು. ಅದೇ ಬಸ್ಸು, ಅದೇ ಪಾಳಿ, 12ರ ಬದಲು 16 ಟ್ರಿಪ್. 2006ರಲ್ಲಿ ಕಾತ್ರಜ್-ಸ್ವಾರಗೇಟ್-ಹಡಪ್ಸರ್ ಬಿಆರ್‌ಟಿ ಲೇನ್ (ಬಸ್ಸಿಗೇ ಮೀಸಲಾದ ದಾರಿ) ಶುರು ಮಾಡಿದ ಊರೇ ಆಮೇಲೆ ನಗರ್ ರಸ್ತೆಯಲ್ಲಿ ಲೇನಿನ ಒಂದು ಭಾಗ ಕಿತ್ತುಹಾಕಿತು. ಕಾರಿನವರಿಗೆ ಜಾಗ ಸಿಕ್ಕಿತು, ಬಸ್ಸಿನ ಬಿಲ್ ಪಾಲಿಕೆಯ ತಲೆಗೆ.

ಟಿಕೆಟ್ ದರವನ್ನು ಕಂಪನಿ ತಾನಾಗಿ ಏರಿಸುವಂತಿಲ್ಲ, ಸಾರಿಗೆ ಪ್ರಾಧಿಕಾರ ಒಪ್ಪಬೇಕು. ಇಂಧನ, ಸಂಬಳ ವರ್ಷವರ್ಷ ಏರುತ್ತವೆ. ದರ ವರ್ಷಗಟ್ಟಲೆ ನಿಂತು ಒಮ್ಮೆಲೇ ಜಿಗಿಯುತ್ತದೆ. 2025ರ ಜೂನ್‌ನಲ್ಲಿ ಕನಿಷ್ಠ ಟಿಕೆಟ್ 5ರಿಂದ 10 ಆಯಿತು. ಮುಂಬೈಯ ಸಿಟಿ ಬಸ್ ಸಂಸ್ಥೆ ಬೆಸ್ಟ್ 2019ರಲ್ಲಿ 8ರಿಂದ 5ಕ್ಕೆ ಇಳಿಸಿ, 2025ರ ಮೇನಲ್ಲಿ ಅದೂ 10 ಮಾಡಿತು. ವರ್ಷಕ್ಕೆ ಒಂದೋ ಎರಡೋ ರೂಪಾಯಿ ಏರಿಸಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಕಿಲೋಮೀಟರಿಗೆ ಕೂಲಿ ಅಂದಮೇಲೆ ಡ್ರೈವರ್ ಸ್ಟಾಪ್ ಹಾರಿಸಿದರೆ ಗುತ್ತಿಗೆದಾರನಿಗೆ ಲಾಭವೇ: ಹೊತ್ತು ಉಳಿಯಿತು, ಕಿ.ಮೀ. ಕಡಿಮೆಯಾಗಲಿಲ್ಲ. ಹಾಗಾಗಿ ಜಿಪಿಎಸ್ ನೋಡಿ ಹಾರಿಸಿದ ಸ್ಟಾಪಿಗೆ ದಂಡ ಹಾಕುವ ಕಲಮು ಕರಾರಿನಲ್ಲಿ ಬೇಕು. ಖಾಲಿ ಓಟ ತಪ್ಪಿಸಲು ರಾತ್ರಿ ಬಸ್ಸನ್ನು ಕೊನೇ ಸ್ಟಾಪಿನಲ್ಲೇ ನಿಲ್ಲಿಸಬಹುದು. ಆದರೆ ಎಲೆಕ್ಟ್ರಿಕ್ ಬಸ್ಸಿನ ಚಾರ್ಜರ್ ಇರುವುದು ಡಿಪೋದಲ್ಲಿ, ಕಂಡಕ್ಟರ್ ದಿನದ ಕ್ಯಾಷ್ ಕಟ್ಟುವ ಕೌಂಟರೂ ಅಲ್ಲೇ.