ಶೇಂಗಾ ಉಂಡಿಯಾದ ಇನ್ನೂರು ಪೆಲೆಟ್

ಡಿಸೆಂಬರ್ ಚಳಿಗೆ ಧಾರವಾಡದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಹೋದ ಚಳಿಗಾಲದಲ್ಲಿ ಏರ್ ರೈಫಲ್ ಪೆಲೆಟ್‌ಗೆ, ಅಂದ್ರೆ ಗಾಳಿಯ ಒತ್ತಡದಿಂದ ಹಾರೋ ಸಣ್ಣ ಸೀಸದ ಗುಂಡಿಗೆ, ಅದನ್ನೇ ಹಚ್ಚಿ ಡಬ್ಬಿಗೆ ತುಂಬಿಟ್ಟೆ. ಬೆಳಿಗ್ಗೆ ರೇಂಜಿಗೆ ಹೋಗಿ ಮುಚ್ಚಳ ತೆಗೆದರೆ ಇನ್ನೂರೂ ಸೇರಿ ಶೇಂಗಾ ಉಂಡಿ! 24 ಡಿಗ್ರಿ ಕೆಳಗೆ ಆ ಎಣ್ಣೆ ಎಣ್ಣೆಯಾಗಿ ಇರೋದೇ ಇಲ್ಲ.

ಅಮೆರಿಕದಲ್ಲಿ ಕೆಲವರು ಮನೆಯಲ್ಲೇ ಸೀಸ ಕರಗಿಸಿ ಬುಲೆಟ್ ಎರಕ ಹೊಯ್ದು, ಡೈ ಅನ್ನೋ ಅಳತೆ ತೂತಿನ ಅಚ್ಚಿನೊಳಗೆ ತೂರಿಸಿ ಅಳತೆಗೆ ತಂದು, ಜೇನುಮೇಣ ಬೆರೆಸಿದ ಗ್ರೀಸ್ ಹಚ್ಚುತ್ತಾರೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ಮಾಡೋದು 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಅಪರಾಧ, ಆ ಕಡೆ ಹೋಗೋದೇ ಬೇಡ. ನಾನು ಮಾಡಿದ್ದು ಅಂಗಡಿಯಿಂದ ತಂದ 4.5 ಮಿಲಿಮೀಟರ್ ಪೆಲೆಟ್‌ಗೆ ಅಷ್ಟೇ.

ಅಷ್ಟು ಸಣ್ಣದಕ್ಕೆ ಇಷ್ಟೆಲ್ಲಾ ಯಾಕೆ ಅಂತ ಕೇಳಬಹುದು. 10 ಮೀಟರ್ ದೂರದ ಟಾರ್ಗೆಟ್‌ನಲ್ಲಿ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಪೆಲೆಟ್ ತಲೆ 4.49, 4.50, 4.51 ಅಂತ ಬೇರೆ ಬೇರೆ ಡಬ್ಬಿಯಲ್ಲಿ ಬರುತ್ತದೆ, ಮತ್ತು ಒಂದೊಂದು ಬ್ಯಾರಲ್‌ಗೆ ಒಂದೊಂದು ಹಿಡಿಸುತ್ತದೆ. ಪೆಲೆಟ್ ಹಿಂಬದಿಯ ಟೊಳ್ಳು ಅಂಚು, ಅಂದ್ರೆ ಸ್ಕರ್ಟ್, ತೆಳ್ಳಗೆ ಇರೋದರಿಂದ ಸಾಗಣೆಯಲ್ಲಿ ನೆಗ್ಗಿರುತ್ತದೆ. ಆ ನೆಗ್ಗು ಸರಿಮಾಡೋಕೆ ಹುಬ್ಬಳ್ಳಿ ಗೋಕುಲ ರೋಡಿನ ಒಂದು ಲೇಥ್ ಅಂಗಡಿಯಲ್ಲಿ ಹಿತ್ತಾಳೆ ತುಂಡಿಗೆ ತೂತು ಹೊಡೆಸಿ, ತೂತನ್ನು ಅಳತೆಗೆ ನುಣುಪು ಮಾಡೋ ರೀಮರ್ ಹಾಕಿಸಿ, ಮೇಲಿಂದ ತಳ್ಳೋಕೆ ಒಂದು ಕಡ್ಡಿ ಮಾಡಿಸಿದೆ. ಮೊದಲ ತೂತು ದೊಡ್ಡದಾಯ್ತು, ಎರಡನೆಯದು ಬಿಗಿಯಾಯ್ತು. ಮೂರನೇ ಸಲ ಹೋದಾಗ ಕಾಕಾ ಲೇಥ್ ನಿಲ್ಲಿಸಿ, “ತಮ್ಮಾ, ಇಷ್ಟ ಸಣ್ಣ ತೂತಿಗೆ ಎಷ್ಟ ಸಲ ಬರ್ತೀಯೋ?” ಅಂದರು.

ನಿಜ ಹೇಳಬೇಕು ಅಂದ್ರೆ, ಅಗ್ಗದ ಪೆಲೆಟ್‌ಗೆ ಇದರಿಂದ ಸ್ವಲ್ಪ ಉಪಯೋಗ ಆಯ್ತು, ಸ್ಪರ್ಧೆಗೆ ಬಳಸೋ ಒಳ್ಳೆ ಮ್ಯಾಚ್ ಪೆಲೆಟ್‌ಗೆ ಏನೂ ಆಗಲಿಲ್ಲ. ಅದಕ್ಕಿಂತ ಜಾಸ್ತಿ ಲಾಭ ಆಗಿದ್ದು ಮೂರು ಅಳತೆಯ ಡಬ್ಬಿ ತಂದು, ರೈಫಲ್ ಅಲ್ಲಾಡದ ಹಾಗೆ ಹಿಡಿಸಿ, ಯಾವುದು ಒಂದೇ ತೂತಿಗೆ ಹೋಗುತ್ತದೆ ಅಂತ ನೋಡಿದಾಗ. ಪರಿಚಯದ ಪತ್ತಾರರ ತಕ್ಕಡಿಯಲ್ಲಿ ಒಂದೊಂದೇ ತೂಗಿದ್ದೂ ಇದೆ. ಒಂದು ಅರ್ಧ ಗ್ರಾಂ ಚಿಲ್ಲರೆ ಬರುತ್ತದೆ. ಐವತ್ತು ಆಗೋ ಹೊತ್ತಿಗೆ ಅವರಿಗೆ ಗಿರಾಕಿ ಬಂದರು, ನಾನು ಎದ್ದು ಬಂದೆ.

ಇನ್ನು ಎಣ್ಣೆ. ಡಬ್ಬಿಯ ತಳದಲ್ಲಿ ಸೀಸದ ಪುಡಿ ಇರುತ್ತದೆ, ಅದಕ್ಕೇ ಮೊದಲು ಸಾಬೂನು ನೀರಲ್ಲಿ ತೊಳೆದು, ಹಳೇ ಟವೆಲ್ ಮೇಲೆ ಹರಡಿ ಒಣಗಿಸಬೇಕು. ತೊಳೆದ ಮೇಲೆ ಕಂಪನಿ ಹಚ್ಚಿದ್ದ ಲೇಪ ಹೋಗಿರುತ್ತದೆ, ಸುಮ್ನೆ ಬಿಟ್ಟರೆ ನಮ್ಮ ಮಳೆಗಾಲದ ಹಸಿ ಗಾಳಿಗೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಹಾಗಾಗಿ ಎಣ್ಣೆ ಬೇಕು, ಆದರೆ ಇನ್ನೂರಕ್ಕೆ ನಾಲ್ಕು ಹನಿ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೆಲ್ಲಗೆ ಉರುಳಿಸಿದರೆ ಕೈಗೆ ಹತ್ತೀತೋ ಇಲ್ಲವೋ ಅನ್ನೋ ಹಾಗೆ ಹರಡುತ್ತದೆ. ನಾನು ಮೊದಲು ಪಡ್ಡಿನ ಹಂಚಿಗೆ ಸುರಿದ ಹಾಗೆ ಸುರಿದಿದ್ದೆ. ಅದರಲ್ಲೂ ಸ್ಪ್ರಿಂಗ್ ಬಲದಿಂದ ಗಾಳಿ ಒತ್ತೋ ಸ್ಪ್ರಿಂಗ್ ಗನ್ ಇದ್ದವರು ಹುಷಾರಾಗಿರಬೇಕು. ಒಳಗೆ ಗಾಳಿ ಒಮ್ಮೆಲೇ ಒತ್ತಿದಾಗ ಎಷ್ಟು ಕಾಯುತ್ತದೆ ಅಂದ್ರೆ, ಅಲ್ಲಿಗೆ ಇಳಿದ ಎಣ್ಣೆ ಡೀಸೆಲ್ ಇಂಜಿನ್ನಿನಲ್ಲಿ ಆದ ಹಾಗೆ ಹೊತ್ತಿಕೊಳ್ಳುತ್ತದೆ. ಹೊಗೆ, ಜೋರು ಸದ್ದು, ಗುರಿ ಎಲ್ಲೋ. ಸೀಲ್ ಕೂಡ ಹಾಳಾಗುತ್ತದೆ. ಎಣ್ಣೆ ಬದಲಿಸಿದ ಮೇಲೆ ಮೊದಲ ಹತ್ತಿಪ್ಪತ್ತು ಗುಂಡು ಅಡ್ಡಾದಿಡ್ಡಿ ಹೋಗೋದೂ ಉಂಟು. ಗಾಬರಿಯಾಗಿ ಸೈಟ್ ತಿರುಗಿಸಬೇಡಿ.

ಉಂಡಿಯಾಗಿದ್ದ ಇನ್ನೂರನ್ನು ಬಿಸಿನೀರಿಗೆ ಹಾಕಿ ಬಿಡಿಸಿದೆ, ಅದೂ ಅವ್ವನ ಬೋಗುಣಿಯಲ್ಲಿ. ಸೀಸ ಅಂತ ಗೊತ್ತಾದ ದಿನವೇ ಬೋಗುಣಿ ಹಿತ್ತಲಿಗೆ ಹೋಯ್ತು. ಅವಳು ಮಾಡಿದ್ದೇ ಸರಿ. ಈಗ ಪೆಲೆಟ್ ತೊಳೆಯೋದೂ ಅಲ್ಲೇ, ಅದೇ ಬೋಗುಣಿಯಲ್ಲಿ. ಕೈ ತೊಳೆಯದೆ ಅಡಿಗೆಮನೆಗೆ ಕಾಲಿಡೋ ಹಾಗಿಲ್ಲ.